ಇಂದಿನ ಆಟಗಾರನೋ, ನಾಳಿನ ಸರದಿಯೋ? – ಒಂದು ಚರ್ಚಾ ಪಾಠದ ವಿವರಣೆ

ಪ್ರೌಢಶಾಲೆಯಲ್ಲಿ ಚರ್ಚಾಸ್ಪರ್ಧೆ ಎಂದೊಡನೆ ನೆನಪಾಗುವ ವಿಷಯಗಳು ಕೆಲವೇ. ವಿಜ್ಞಾನ ವರವೋ ಶಾಪವೋ, ಹಳ್ಳಿ ಮೇಲೋ ಪಟ್ಟಣ ಮೇಲೋ, ಮೊಬೈಲ್ ಬೇಕೋ ಬೇಡವೋ. ಈ ವಿಷಯಗಳಲ್ಲಿ ದೋಷವಿಲ್ಲ. ಆದರೆ ಮಕ್ಕಳು ಇವುಗಳ ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಎದುರಿನ ಪಕ್ಷ ಏನು ಹೇಳಿತು ಎಂಬುದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಇಬ್ಬರು ಸರದಿಯ ಮೇಲೆ ಮಾತನಾಡಿದರೆ ಅದು ಎರಡು ಭಾಷಣವಾಗುತ್ತದೆಯೇ ಹೊರತು ಚರ್ಚೆಯಾಗುವುದಿಲ್ಲ.

ಈ ವರ್ಷದ ಬೋಧನಾಭ್ಯಾಸದಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಹೋಗಿದ್ದರು. ನಾಲ್ಕೂ ಕಡೆ ಒಂಬತ್ತನೆಯ ತರಗತಿಗೆ ಒಂದೇ ಚರ್ಚಾ ಪಾಠವನ್ನು ಕೊಟ್ಟೆವು. ಮೇಲ್ವಿಚಾರಕನಾಗಿ ನಾಲ್ಕನ್ನೂ ನಾನು ಕುಳಿತು ನೋಡಿದೆ. ಆ ಪಾಠವನ್ನು ಹೇಗೆ ಕಟ್ಟಿದೆವು, ಏಕೆ ಹಾಗೆ ಕಟ್ಟಿದೆವು ಎಂಬುದನ್ನು ಮುಂದಿನ ತಂಡದವರಿಗೆ ಉಪಯೋಗವಾಗಲೆಂದು ಇಲ್ಲಿ ವಿವರಿಸುತ್ತೇನೆ.

ವಿಷಯದ ಆಯ್ಕೆ

ಚರ್ಚೆಗೆ ಇಟ್ಟ ವಾಕ್ಯ ಇದು: "ಸೋಲುತ್ತಿರುವ ಬ್ಯಾಸ್ಕೆಟ್‌ಬಾಲ್ ತಂಡವು ತನ್ನ ಡ್ರಾಫ್ಟ್ ಸರದಿಯನ್ನು ಬಿಟ್ಟುಕೊಟ್ಟು ಹೆಸರಾಂತ ಆಟಗಾರನನ್ನು ತಂದುಕೊಳ್ಳಬೇಕು."

ಕ್ರಿಕೆಟ್ ಬಿಟ್ಟು ಬ್ಯಾಸ್ಕೆಟ್‌ಬಾಲ್ ಏಕೆ ಎಂದು ಪ್ರಶಿಕ್ಷಣಾರ್ಥಿಗಳೇ ಕೇಳಿದರು. ಕಾರಣ ಸರಳ. ಆರ್‌ಸಿಬಿ ಹೆಸರು ಎತ್ತಿದರೆ ತರಗತಿಯಲ್ಲಿ ಅಭಿಮಾನ ಎದ್ದು ನಿಲ್ಲುತ್ತದೆ, ವಾದ ಕುಳಿತುಬಿಡುತ್ತದೆ. ನಮ್ಮ ಮಕ್ಕಳಿಗೆ ಅಮೆರಿಕದ ಎನ್‌ಬಿಎ ತಂಡಗಳ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಆದ್ದರಿಂದ ಅವರು ಮೊದಲು ವಿಷಯವನ್ನು ತಿಳಿದುಕೊಳ್ಳಬೇಕಾಗುತ್ತದೆ, ಆಮೇಲೆ ಪಕ್ಷ ಹಿಡಿಯಬೇಕಾಗುತ್ತದೆ. ಈ ಕ್ರಮವೇ ನಮಗೆ ಬೇಕಾಗಿದ್ದದ್ದು. ದೂರದ ಉದಾಹರಣೆಯಿಂದ ಆರಂಭಿಸಿ ಹತ್ತಿರದ ಉದಾಹರಣೆಗೆ ಬರುವುದು 'ತಿಳಿದುದರಿಂದ ತಿಳಿಯದುದಕ್ಕೆ' ಎಂಬ ಬೋಧನಾ ಸೂತ್ರಕ್ಕೆ ವಿರುದ್ಧ ಎನಿಸಬಹುದು. ಆದರೆ ತಿಳಿದ ವಿಷಯದಲ್ಲಿ ತೀರ್ಮಾನ ಮೊದಲೇ ಆಗಿಹೋಗಿದ್ದರೆ ಅಲ್ಲಿಂದ ಚರ್ಚೆಯನ್ನು ಆರಂಭಿಸುವುದು ಕಷ್ಟ.

ಡ್ರಾಫ್ಟ್ ಎಂದರೇನು

ಹತ್ತು ನಿಮಿಷದಲ್ಲಿ ಇದನ್ನು ಹೇಳಿ ಮುಗಿಸಬೇಕು. ನಮ್ಮಲ್ಲಿ ಐಪಿಎಲ್, ಪ್ರೊ ಕಬಡ್ಡಿಗಳಲ್ಲಿ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ಹೆಚ್ಚು ಹಣ ಕೂಗಿದವರಿಗೆ ಆಟಗಾರ. ಎನ್‌ಬಿಎಯಲ್ಲಿ ಹೊಸದಾಗಿ ಬರುವ ಯುವ ಆಟಗಾರರಿಗೆ ಹರಾಜಿಲ್ಲ. ತಂಡಗಳು ಒಂದರ ನಂತರ ಒಂದು ಸರದಿಯ ಮೇಲೆ ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮುಂಚಿನ ಸರದಿ ಸಿಗುವ ಸಾಧ್ಯತೆ ಹೆಚ್ಚು. ಬಲಹೀನರು ಬಲಗೊಳ್ಳಲಿ ಎಂಬುದು ಇದರ ಉದ್ದೇಶ. ನಮ್ಮ ದೇಶದಲ್ಲೂ ಇದು ನಡೆದಿದೆ. 2017ರ ಜುಲೈಯಲ್ಲಿ ಮುಂಬೈನಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ಗೆ ಭಾರತೀಯ ಆಟಗಾರರನ್ನು ಡ್ರಾಫ್ಟ್ ಮೂಲಕವೇ ಹಂಚಿದರು. ಬೆಂಗಳೂರು ಎಫ್‌ಸಿ ಆ ಲೀಗಿಗೆ ಸೇರಿದ್ದು ಅದೇ ವರ್ಷ.

ಬೇಕೆಂದು ಸೋತು ಮೊದಲ ಸರದಿ ಹೊಡೆದುಕೊಳ್ಳಬಾರದೆಂದು ಎನ್‌ಬಿಎ ಚೀಟಿ ಎತ್ತುವ ಪದ್ಧತಿ ಇಟ್ಟಿತು. 2019ರಿಂದ ನಡೆದುಬಂದ ನಿಯಮದಲ್ಲಿ ಅತಿ ಹೆಚ್ಚು ಸೋತ ಮೂರು ತಂಡಗಳಿಗೂ ಮೊದಲ ಸರದಿ ಸಿಗುವ ಸಾಧ್ಯತೆ ತಲಾ ಶೇಕಡಾ 14. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಹತ್ತುವುದಿಲ್ಲ. ಮುಳಬಾಗಿಲಿನ ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿ ಒಂದು ಬಟ್ಟೆಯ ಚೀಲದಲ್ಲಿ ನೂರು ಹುಣಸೆ ಬೀಜ ಹಾಕಿ, ಹದಿನಾಲ್ಕಕ್ಕೆ ಸುಣ್ಣ ಹಚ್ಚಿದ್ದಳು. ಒಬ್ಬೊಬ್ಬರಾಗಿ ಬಂದು ಕೈ ಹಾಕಿ ಒಂದು ಬೀಜ ತೆಗೆದು, ನೋಡಿ, ಮತ್ತೆ ಹಾಕಬೇಕು. ಸುಣ್ಣದ ಬೀಜ ಎಷ್ಟು ಅಪರೂಪಕ್ಕೆ ಸಿಗುತ್ತದೆ ಎಂಬುದು ಕಪ್ಪುಹಲಗೆಯ ಮೇಲಿನ ಗೆರೆಗಳಿಂದಲೇ ಕಂಡಿತು. ಗಣಿತದ ಸಂಭವನೀಯತೆ ಘಟಕಕ್ಕೂ ಇದೇ ಸಾಮಗ್ರಿ ಸಾಕು.

ಇನ್ನೊಂದು ಮಾತನ್ನೂ ಹೇಳಬೇಕು. ಮೊದಲ ಸರದಿ ಸಿಕ್ಕಿತೆಂದರೆ ಒಳ್ಳೆಯ ಆಟಗಾರ ಸಿಕ್ಕ ಎಂದು ಅರ್ಥವಲ್ಲ. 2013ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಮೊದಲ ಸರದಿಯಲ್ಲಿ ಆರಿಸಿದ್ದು ಆಂಟನಿ ಬೆನೆಟ್‌ನನ್ನು. ಆತ ನಿಲ್ಲಲಿಲ್ಲ. ಅದೇ ಡ್ರಾಫ್ಟಿನಲ್ಲಿ ಹದಿನೈದನೆಯವನಾಗಿ ಆಯ್ಕೆಯಾದ ಯಾನಿಸ್ ಆಂಟೆಟೊಕೂಂಪೊ ಜಗತ್ತಿನ ಶ್ರೇಷ್ಠ ಆಟಗಾರರಲ್ಲಿ ಒಬ್ಬನಾದ. ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲಿಗ ಪಂಜಾಬಿನ ಸತ್ನಾಮ್ ಸಿಂಗ್. 2015ರಲ್ಲಿ ಡಲ್ಲಾಸ್ ತಂಡ ಆತನನ್ನು 52ನೆಯವನಾಗಿ ಆರಿಸಿತು. ಆದರೆ ಆತನಿಗೆ ಒಂದು ಎನ್‌ಬಿಎ ಪಂದ್ಯವೂ ಆಡಲು ಸಿಗಲಿಲ್ಲ. ಸರದಿ ಎಂದರೆ ಒಂದು ಅವಕಾಶ ಮಾತ್ರ. ಆ ಅವಕಾಶವನ್ನು ಇಟ್ಟುಕೊಳ್ಳಬಹುದು, ಬೇರೆ ತಂಡಕ್ಕೆ ಕೊಟ್ಟು ಪ್ರತಿಯಾಗಿ ಈಗಾಗಲೇ ಬೆಳೆದ ಆಟಗಾರನನ್ನು ಪಡೆಯಲೂಬಹುದು. ಪ್ರಶ್ನೆ ಹುಟ್ಟುವುದು ಇಲ್ಲಿ.

ಎರಡು ಉದಾಹರಣೆ, ಎರಡು ದಿಕ್ಕು

ಒಂದೇ ಉದಾಹರಣೆ ಕೊಟ್ಟರೆ ಶಿಕ್ಷಕನೇ ತೀರ್ಪು ಕೊಟ್ಟಂತೆ. ಹಾಗಾಗಿ ಎರಡು ಪಕ್ಷಕ್ಕೂ ಒಂದೊಂದು ಕೊಟ್ಟೆವು.

ಮೊದಲನೆಯದು ಬ್ರೂಕ್ಲಿನ್ ನೆಟ್ಸ್. 2013ರ ಜುಲೈಯಲ್ಲಿ ಈ ತಂಡ ಬಾಸ್ಟನ್ ಸೆಲ್ಟಿಕ್ಸ್‌ನಿಂದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಮತ್ತು ಜೇಸನ್ ಟೆರಿಯನ್ನು ತಂದುಕೊಂಡಿತು. ಆಗ ಗಾರ್ನೆಟ್‌ಗೆ 37 ವರ್ಷ, ಪಿಯರ್ಸ್‌ಗೆ 35. ಪ್ರತಿಯಾಗಿ ಕೆಲವು ಆಟಗಾರರ ಜೊತೆಗೆ 2014, 2016, 2018ರ ಮೊದಲ ಸುತ್ತಿನ ಸರದಿಗಳನ್ನೂ, 2017ರಲ್ಲಿ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟಿತು. 2014ರಲ್ಲಿ ನೆಟ್ಸ್ ಎರಡನೆಯ ಸುತ್ತಿನಲ್ಲಿ ಸೋತಿತು. 2016-17ರಲ್ಲಿ 20 ಪಂದ್ಯ ಗೆದ್ದು 62 ಸೋತು ಎಲ್ಲರಿಗಿಂತ ಕೆಳಗಿತ್ತು. ಸೋತವರಿಗೆ ಸಿಗಬೇಕಾದ ಸರದಿ ಮಾತ್ರ ಬಾಸ್ಟನ್ನಿನ ಕೈಯಲ್ಲಿತ್ತು. ಆ ಸರದಿಗಳಿಂದ ಬಾಸ್ಟನ್‌ಗೆ 2016ರಲ್ಲಿ ಜೇಲನ್ ಬ್ರೌನ್, 2017ರಲ್ಲಿ ಜೇಸನ್ ಟೇಟಮ್ ಬಂದರು. ಇವರಿಬ್ಬರನ್ನೇ ನೆಚ್ಚಿಕೊಂಡು 2024ರಲ್ಲಿ ಬಾಸ್ಟನ್ ಪ್ರಶಸ್ತಿ ಗೆದ್ದಿತು.

ಎರಡನೆಯದು ಟೊರಾಂಟೊ ರಾಪ್ಟರ್ಸ್. 2018ರಲ್ಲಿ ಈ ತಂಡ ತನ್ನ ಅಚ್ಚುಮೆಚ್ಚಿನ ಡೆಮಾರ್ ಡೆರೋಜನ್ ಮತ್ತು ಯಾಕೊಬ್ ಪರ್ಟಲ್ ಜೊತೆಗೆ ಮೊದಲ ಸುತ್ತಿನ ಒಂದು ಸರದಿಯನ್ನು ಸ್ಯಾನ್ ಆಂಟೋನಿಯೊಗೆ ಕೊಟ್ಟು ಕವಾಯ್ ಲೆನರ್ಡ್‌ನನ್ನು ತಂದಿತು. ಜೊತೆಗೆ ಡ್ಯಾನಿ ಗ್ರೀನ್ ಬಂದ. ಲೆನರ್ಡ್ ಒಂದೇ ವರ್ಷ ಇದ್ದು ಹೊರಟುಹೋದ. ಆದರೆ ಆ ಒಂದು ವರ್ಷದಲ್ಲಿ, 2019ರಲ್ಲಿ, ಟೊರಾಂಟೊ ತನ್ನ ಇತಿಹಾಸದ ಮೊದಲ ಪ್ರಶಸ್ತಿ ಗೆದ್ದಿತು.

ಇಷ್ಟಾದ ಮೇಲೆ ಮಕ್ಕಳ ಪ್ರಶ್ನೆಗಳು ತಾವಾಗಿ ಬಂದವು. ಬರುವ ಆಟಗಾರನ ವಯಸ್ಸೆಷ್ಟು? ಒಂದು ಸರದಿ ಕೊಡುತ್ತಿದ್ದೇವೆಯೋ ನಾಲ್ಕು ವರ್ಷದ್ದನ್ನೋ? ನಮ್ಮ ತಂಡ ಗೆಲುವಿಗೆ ಒಂದು ಹೆಜ್ಜೆ ದೂರದಲ್ಲಿದೆಯೋ ಹತ್ತು ಹೆಜ್ಜೆಯೋ? ಇವುಗಳನ್ನು ಕಪ್ಪುಹಲಗೆಯ ಎಡಬದಿಯಲ್ಲಿ ಬರೆಸಿ ಕೊನೆಯವರೆಗೆ ಅಳಿಸದೆ ಇಡುವುದು ಒಳ್ಳೆಯದು. ವಾದ ದಾರಿ ತಪ್ಪಿದಾಗಲೆಲ್ಲ ಶಿಕ್ಷಕ ಮಾತನಾಡದೆ ಹಲಗೆಯ ಕಡೆ ಕೈ ತೋರಿಸಿದರೆ ಸಾಕು.

ಎನ್‌ಬಿಎಯ ಒಂದು ನಿಯಮವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಮೊದಲ ಸುತ್ತಿನ ಸರದಿಗಳನ್ನು ಒಂದರ ಹಿಂದೆ ಒಂದು ಕೊಟ್ಟುಬಿಟ್ಟ. ಅದಾದ ಮೇಲೆ, ಮುಂದಿನ ಎರಡು ವರ್ಷ ಸತತವಾಗಿ ಮೊದಲ ಸುತ್ತಿನ ಸರದಿಯಿಲ್ಲದಂತೆ ಯಾವ ತಂಡವೂ ವ್ಯವಹಾರ ಮಾಡಬಾರದು ಎಂಬ ನಿಯಮ ಬಂತು. ಅದಕ್ಕೆ ಆತನ ಹೆಸರೇ ನಿಂತಿದೆ. ಇಂದು ತೀರ್ಮಾನ ಮಾಡುವವನು ನಾಳೆ ಅದರ ಫಲ ಉಣ್ಣಲು ಅಲ್ಲಿರದೇ ಹೋಗಬಹುದು. ಮಾಲೀಕ ಬದಲಾಗುತ್ತಾನೆ, ತರಬೇತುದಾರನನ್ನು ಕಳಿಸುತ್ತಾರೆ. ತಂಡ ಮಾತ್ರ ಉಳಿಯುತ್ತದೆ. "ಯಾರ ನಾಳೆಯನ್ನು ಯಾರು ಕೊಡುತ್ತಿದ್ದಾರೆ?" ಎಂಬ ಪ್ರಶ್ನೆಯನ್ನು ಹಲಗೆಯ ಮೇಲೆ ಸೇರಿಸಿದೆವು.

ಹತ್ತಿರದ ಉದಾಹರಣೆ: ಮಾವಿನ ತೋಟ

ಎರಡನೆಯ ಅವಧಿಯಲ್ಲಿ ವಿಷಯವನ್ನು ಊರಿಗೆ ತರಬೇಕು. ಶ್ರೀನಿವಾಸಪುರದಲ್ಲಿ ಇದಕ್ಕೆ ಹುಡುಕಬೇಕಾಗಿರಲಿಲ್ಲ. ಅಲ್ಲಿ ತೋಟದ ಫಸಲನ್ನು ಹೂವಿನ ಹಂತದಲ್ಲೇ ವ್ಯಾಪಾರಿಗೆ ಕೊಡುವುದು ಮಕ್ಕಳಿಗೆ ಗೊತ್ತಿರುವ ಸಂಗತಿ. ಹೂ ಬಿಟ್ಟಾಗ ಕೊಟ್ಟರೆ ಹಣ ಈಗಲೇ ಕೈಗೆ ಬರುತ್ತದೆ. ಔಷಧಿ ಹೊಡೆಯುವುದು, ಕಾಯುವುದು, ಕೀಳಿಸುವುದು ಎಲ್ಲ ಕೊಂಡವನ ಪಾಲಿಗೆ. ಹೂ ಉದುರಿದರೆ, ಆಲಿಕಲ್ಲು ಬಿದ್ದರೆ ನಷ್ಟವೂ ಅವನದೇ. ಕಾದು ಮೇ, ಜೂನ್‌ನಲ್ಲಿ ತಾವೇ ಮಂಡಿಗೆ ಹಾಕಿದರೆ ಲಾಭ ಹೆಚ್ಚಾಗಬಹುದು, ಏನೂ ಉಳಿಯದೆಯೂ ಇರಬಹುದು. ಹೂವಿನಲ್ಲಿರುವ ಫಸಲು ಎಂದರೆ ಇನ್ನೂ ಆರಿಸದ ಡ್ರಾಫ್ಟ್ ಸರದಿ ಎಂದು ಪ್ರಶಿಕ್ಷಣಾರ್ಥಿ ಹೇಳುವ ಮೊದಲೇ ಮಕ್ಕಳು ಹೇಳಿಬಿಟ್ಟರು.

2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಅಲ್ಲಿಗೆ ಬರದಂತೆ ತಡೆದದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ನಮ್ಮ ಗಡಿಭಾಗದ ತೋತಾಪುರಿ ಅಲ್ಲಿನ ತಿರುಳು ತೆಗೆಯುವ ಕಾರ್ಖಾನೆಗಳನ್ನೇ ನಂಬಿರುತ್ತದೆ. ಕಾದವರಿಗೆ ಆ ವರ್ಷ ಪೆಟ್ಟು ಬಿತ್ತು. ಹೂವಿನ ಮೇಲೆ ಕೊಟ್ಟಿದ್ದವರ ಪೆಟ್ಟನ್ನು ವ್ಯಾಪಾರಿ ತಿಂದ. ಕೋಲಾರದ ಶಾಲೆಯಲ್ಲಿ ಇದೇ ಜಾಗಕ್ಕೆ ಟೊಮೆಟೊ ಬಂತು. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಅದೇ ಟೊಮೆಟೊವನ್ನು ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದದ್ದನ್ನೂ ಮಕ್ಕಳು ನೋಡಿದ್ದಾರೆ.

ಫಲ ನೋಡಿ ನಿರ್ಧಾರ ಅಳೆಯಬಾರದು

ಪಾಠದ ಮುಖ್ಯ ಕಲಿಕಾಂಶ ಇದು. ಮಕ್ಕಳು (ದೊಡ್ಡವರೂ) ಗೆದ್ದರೆ ತೀರ್ಮಾನ ಸರಿ, ಸೋತರೆ ತಪ್ಪು ಎನ್ನುತ್ತಾರೆ. ಇದನ್ನು ಬಿಡಿಸಲು ಕಬಡ್ಡಿಯ ಎರಡು ಸಂಗತಿಗಳನ್ನು ಇಟ್ಟೆವು. ಇವು ಡ್ರಾಫ್ಟ್ ಅಲ್ಲ, ಹರಾಜಿನ ಪದ್ಧತಿಯಲ್ಲಿ ಆಟಗಾರನನ್ನು ಬಿಟ್ಟುಕೊಟ್ಟ ಪ್ರಸಂಗಗಳು ಎಂದು ಮೊದಲೇ ಸ್ಪಷ್ಟಪಡಿಸಬೇಕು.

ಪರ್ದೀಪ್ ನರ್ವಾಲ್ 2015ರಲ್ಲಿ ಪ್ರೊ ಕಬಡ್ಡಿಗೆ ಬಂದದ್ದು ಬೆಂಗಳೂರು ಬುಲ್ಸ್ ತಂಡದಿಂದ. ಮುಂದಿನ ಆವೃತ್ತಿಗೆ ಪಾಟ್ನಾ ಪೈರೇಟ್ಸ್ ಸೇರಿದ. ಪಾಟ್ನಾ ಸತತವಾಗಿ ಮೂರು ಸಲ ಗೆದ್ದಿತು. 2017ರ ಒಂದೇ ಆವೃತ್ತಿಯಲ್ಲಿ ಆತ 369 ರೈಡ್ ಅಂಕ ಗಳಿಸಿದ. ಇನ್ನೊಬ್ಬ ಪವನ್ ಸೆಹ್ರಾವತ್. 2019ರ ಜನವರಿ 5ರ ಫೈನಲ್‌ನಲ್ಲಿ 22 ಅಂಕ ಗಳಿಸಿ ಬುಲ್ಸ್‌ಗೆ ಪ್ರಶಸ್ತಿ ತಂದವನು. 2022ರಲ್ಲಿ ಬುಲ್ಸ್ ಆತನನ್ನು ಉಳಿಸಿಕೊಳ್ಳಲಿಲ್ಲ. ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಆತನಿಗೆ ಗಾಯವಾಗಿ ಆ ಆವೃತ್ತಿ ಪೂರ್ತಿ ಹೊರಗುಳಿದ.

"ಪರ್ದೀಪ್‌ನ ಬಿಟ್ಟಿದ್ದು ತಪ್ಪು, ಪವನ್‌ನ ಬಿಟ್ಟಿದ್ದು ಸರಿ" ಎಂದು ಮಾಲೂರಿನ ತರಗತಿ ಒಕ್ಕೊರಲಿನಿಂದ ಹೇಳಿತು. ಆಗ ಪ್ರಶಿಕ್ಷಣಾರ್ಥಿ ಒಂದೇ ಪ್ರಶ್ನೆ ಕೇಳಿದ: "ಬಿಡುವ ದಿನ ಬುಲ್ಸ್‌ಗೆ ಏನೇನು ಗೊತ್ತಿತ್ತು?" ಪರ್ದೀಪ್ ಆಗ ಹೆಸರಿಲ್ಲದ ಹುಡುಗ. ಪವನ್‌ಗೆ ಗಾಯವಾಗುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ತರಗತಿ ಸುಮ್ಮನಾಯಿತು. ಆಮೇಲೆ ಹಲಗೆಯ ಮೇಲೆ ಎರಡು ಕಲಮು ಎಳೆದರು: 'ಅಂದು ತಿಳಿದಿದ್ದದ್ದು', 'ಆಮೇಲೆ ನಡೆದದ್ದು'. ವಾದಕ್ಕೆ ಆಧಾರವಾಗಿ ಮೊದಲ ಕಲಮಿನಿಂದ ಮಾತ್ರ ತೆಗೆದುಕೊಳ್ಳಬೇಕು ಎಂಬುದು ಅಲ್ಲಿಂದ ಮುಂದೆ ನಿಯಮ. ಎರಡನೆಯ ಕಲಮು ಪಾಠ ಕಲಿಯಲು, ತೀರ್ಪು ಕೊಡಲು ಅಲ್ಲ.

ವಾದ ಕಟ್ಟುವ ಕ್ರಮ

ಪ್ರತಿ ವಾದಕ್ಕೂ ಮೂರು ಮೆಟ್ಟಿಲು ಕೊಟ್ಟೆವು. ಒಂದು, ನಾನು ಹೇಳುವುದೇನು. ಎರಡು, ಅದಕ್ಕೆ ಆಧಾರವೇನು. ಮೂರು, ಆ ಆಧಾರ ಈ ತಂಡಕ್ಕೆ ಹೇಗೆ ಅನ್ವಯಿಸುತ್ತದೆ. ಮಕ್ಕಳು ಹೆಚ್ಚಾಗಿ ಬಿಡುವುದು ಮೂರನೆಯದನ್ನು. "ಟೊರಾಂಟೊ ಗೆದ್ದಿತು, ಆದ್ದರಿಂದ ನಾವೂ ಕೊಡಬೇಕು" ಎಂದರೆ ಎರಡು ಮೆಟ್ಟಿಲಾಯಿತು. ಟೊರಾಂಟೊ ಅದಕ್ಕೂ ಮೊದಲೇ ಗೆಲ್ಲುತ್ತಿದ್ದ ತಂಡ, ನಮ್ಮ ವಾಕ್ಯದಲ್ಲಿರುವುದು ಸೋಲುತ್ತಿರುವ ತಂಡ ಎಂದು ಎದುರಿನವರು ಹಿಡಿದಾಗ ಮೂರನೆಯ ಮೆಟ್ಟಿಲಿನ ಬೆಲೆ ತಿಳಿಯುತ್ತದೆ.

ಎದುರಾಳಿಗೆ ಉತ್ತರ ಕೊಡುವ ಮೊದಲು ಅವರ ಮಾತನ್ನು ಒಂದು ವಾಕ್ಯದಲ್ಲಿ ಹೇಳಬೇಕು, "ಹೌದು, ನಾನು ಹೇಳಿದ್ದು ಅದೇ" ಎಂದು ಅವರು ಒಪ್ಪಬೇಕು. ಇದರಿಂದ ಗದ್ದಲ ಅರ್ಧಕ್ಕೆ ಇಳಿಯಿತು. ಕೊನೆಯ ಹತ್ತು ನಿಮಿಷ ಪಕ್ಷಗಳನ್ನು ಅದಲುಬದಲು ಮಾಡಿಸಿದೆವು. ಅಲ್ಲಿಯವರೆಗೆ ಪರವಾಗಿ ಮಾತಾಡಿದವರು ವಿರೋಧವಾಗಿ ಮಾತಾಡಬೇಕು. ಮೊದಲು ಮಕ್ಕಳು ಮುನಿಸಿಕೊಳ್ಳುತ್ತಾರೆ. ಆಮೇಲೆ ಅತಿ ಒಳ್ಳೆಯ ವಾದಗಳು ಬರುವುದು ಈ ಹತ್ತು ನಿಮಿಷದಲ್ಲೇ.

ಭಾಷೆಯ ಬಗ್ಗೆ ಒಂದು ಮಾತು. ಮುಳಬಾಗಿಲು, ಶ್ರೀನಿವಾಸಪುರದ ಹಲವು ಮಕ್ಕಳ ಮನೆಮಾತು ತೆಲುಗು. ಗುಂಪಿನಲ್ಲಿ ತಯಾರಿ ಮಾಡುವಾಗ ಅವರು ತೆಲುಗಿನಲ್ಲಿ ಮಾತಾಡಲಿ. ತರಗತಿಯ ಮುಂದೆ ಕನ್ನಡದಲ್ಲಿ ಹೇಳಲಿ. ತಯಾರಿಯಲ್ಲೂ ಕನ್ನಡವೇ ಬೇಕೆಂದು ಪಟ್ಟು ಹಿಡಿದ ಗುಂಪಿನಲ್ಲಿ ಇಬ್ಬರು ಮಾತ್ರ ಮಾತಾಡಿದರು. ಬಿಟ್ಟ ಗುಂಪಿನಲ್ಲಿ ಆರೂ ಜನ ಮಾತಾಡಿದರು.

ಕಾಯುವ ಶಕ್ತಿ ಯಾರಿಗಿದೆ?

ಪಾಠಯೋಜನೆಯಲ್ಲಿ ಇಲ್ಲದ ಒಂದು ಮಾತು ಶ್ರೀನಿವಾಸಪುರದಲ್ಲಿ ಬಂತು. ಕಾಯುವುದೇ ಜಾಣತನ ಎಂದು ಒಂದು ಪಕ್ಷ ಅಂಕಿಗಳನ್ನಿಟ್ಟು ಸಾಧಿಸುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಹೇಳಿದಳು: "ಕಾಯೋಕೆ ಮನೇಲಿ ದುಡ್ಡಿರಬೇಕು ಸಾರ್. ಜನವರೀಲಿ ಸಾಲಗಾರ ಬಾಗಿಲಿಗೆ ಬಂದ್ರೆ ಜೂನ್ ತಿಂಗಳ ರೇಟು ಕಟ್ಟಿಕೊಂಡು ಏನು ಮಾಡೋದು?"

ಅವಳ ಮಾತು ಚರ್ಚೆಯನ್ನೇ ಬದಲಿಸಿತು. ಇಬ್ಬರು ಒಂದೇ ತೋಟದ ಬಗ್ಗೆ ಬೇರೆ ಬೇರೆ ತೀರ್ಮಾನ ಮಾಡಿ ಇಬ್ಬರೂ ಸರಿಯಿರಬಹುದು. ಏಕೆಂದರೆ ಕಾಯುವ ಶಕ್ತಿಯೂ ಒಂದು ಆಸ್ತಿ, ಅದು ಎಲ್ಲರಿಗೂ ಸಮನಾಗಿ ಇರುವುದಿಲ್ಲ. ಬ್ಯಾಸ್ಕೆಟ್‌ಬಾಲ್ ತಂಡಕ್ಕೂ ಇದು ನಿಜ. ತಾಳ್ಮೆಯ ಅಭಿಮಾನಿಗಳಿರುವ ತಂಡ ನಾಲ್ಕು ವರ್ಷ ಸೋಲಬಹುದು. ಕ್ರೀಡಾಂಗಣ ಖಾಲಿಯಾಗುತ್ತಿರುವ ತಂಡಕ್ಕೆ ಆ ಅವಕಾಶವಿಲ್ಲ.

ಇಲ್ಲಿ ಪ್ರಶಿಕ್ಷಣಾರ್ಥಿಗಳು ಎಚ್ಚರ ವಹಿಸಬೇಕು. "ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?" ಎಂದು ಎಂದೂ ಕೇಳಬಾರದು. ಮನೆಯ ಸಾಲ, ಕಷ್ಟ ತರಗತಿಯ ಮುಂದೆ ಬಿಚ್ಚಿಡುವ ವಿಷಯವಲ್ಲ. "ಒಬ್ಬ ರೈತ" ಎಂದೇ ಮಾತಾಡಬೇಕು. ಮಗು ತಾನಾಗಿ ಹೇಳಿದರೆ ಕೇಳಿಸಿಕೊಂಡು, ಹೊಗಳದೆ, ಮರುಕ ತೋರದೆ, ವಾದವನ್ನಷ್ಟೇ ಹಲಗೆಗೆ ಏರಿಸಬೇಕು. ಅಂದು ನಮ್ಮ ಪ್ರಶಿಕ್ಷಣಾರ್ಥಿ ಮಾಡಿದ್ದು ಅದನ್ನೇ. "ಕಾಯುವ ಶಕ್ತಿ ಯಾರಿಗಿದೆ?" ಎಂದು ಬರೆದು ಮುಂದೆ ಹೋದ.

ಮಾಲೂರಿನಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂತು. ಮಾಲೂರು, ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಿವೆ. ಓದು ನಿಲ್ಲಿಸಿ, ಹದಿನೆಂಟು ತುಂಬಿದೊಡನೆ ಕೆಲಸಕ್ಕೆ ಸೇರಿದರೆ ತಿಂಗಳ ಸಂಬಳ ಕೈಗೆ. ಪದವಿ ಓದಿದರೆ ಇನ್ನೂ ಮೂರು ವರ್ಷ ಕಾಯಬೇಕು. ಅದರ ಕೊನೆಯಲ್ಲಿ ಏನು ಸಿಗುತ್ತದೆ ಎಂಬುದು ಚೀಲದೊಳಗಿನ ಬೀಜದಂತೆ. ಹುಡುಗರು ಇದನ್ನು ತಾವೇ ಎತ್ತಿದರು. ಶಿಕ್ಷಕರಾಗಿ ನಾವು ಓದಿನ ಪಕ್ಷ ವಹಿಸುವುದು ಸಹಜ, ವಹಿಸಲೂಬೇಕು. ಆದರೆ "ಓದಿ, ಒಳ್ಳೆಯದಾಗುತ್ತದೆ" ಎಂಬುದು ಮೊದಲ ಮೆಟ್ಟಿಲು ಮಾತ್ರ. ವಿದ್ಯಾರ್ಥಿವೇತನ ಎಲ್ಲಿ ಸಿಗುತ್ತದೆ, ಹಾಸ್ಟೆಲ್ ಯಾವುದು, ಐಟಿಐ ಅಥವಾ ಡಿಪ್ಲೊಮಾ ಮಾಡಿಕೊಂಡು ಅದೇ ಕಾರ್ಖಾನೆಗೆ ಹೋದರೆ ಏನು ವ್ಯತ್ಯಾಸ ಎಂದು ತಿಳಿಸುವುದು ಎರಡನೆಯ, ಮೂರನೆಯ ಮೆಟ್ಟಿಲು. ಕಾಯಿರಿ ಎನ್ನುವವರು ಕಾಯುವ ಶಕ್ತಿಯನ್ನೂ ಒದಗಿಸಿಕೊಡಬೇಕು.

ಮೌಲ್ಯಮಾಪನ

ಗೆದ್ದ ಪಕ್ಷವನ್ನು ಘೋಷಿಸಲಿಲ್ಲ. ಬದಲಿಗೆ ಎಲ್ಲರಿಗೂ ಆರ್‌ಸಿಬಿಯ ಒಂದು ಪ್ರಶ್ನೆ ಕೊಟ್ಟು ಅರ್ಧ ಪುಟ ಬರೆಯಿಸಿದೆವು. 2018ರ ಹರಾಜಿಗೆ ಮೊದಲು ಆರ್‌ಸಿಬಿ ಕೊಹ್ಲಿ, ಡಿ ವಿಲಿಯರ್ಸ್ ಮತ್ತು ಎಳೆಯ ಸರ್ಫರಾಜ್ ಖಾನ್‌ನನ್ನು ಉಳಿಸಿಕೊಂಡು ನಮ್ಮ ಕೆ.ಎಲ್. ರಾಹುಲ್‌ನನ್ನು ಬಿಟ್ಟಿತು. ರಾಹುಲ್ 2016ರಲ್ಲಿ 397 ರನ್ ಹೊಡೆದಿದ್ದ, 2017ರ ಆವೃತ್ತಿಯನ್ನು ಭುಜದ ಗಾಯದಿಂದ ಆಡಿರಲಿಲ್ಲ. ಪಂಜಾಬ್ 11 ಕೋಟಿಗೆ ಕೊಂಡಿತು. ಆ ವರ್ಷ ಆತ 659 ರನ್ ಗಳಿಸಿದ. ಈ ಸಂಗತಿಗಳನ್ನು ಎರಡು ಕಲಮುಗಳಲ್ಲಿ ಹಂಚಿ, ಆರ್‌ಸಿಬಿಯ ತೀರ್ಮಾನ ಅಂದಿನ ಮಟ್ಟಿಗೆ ಒಪ್ಪತಕ್ಕದ್ದೇ ಎಂದು ಬರೆಯಬೇಕು. ಅಂಕಗಳು ಹೀಗೆ: ಸಂಗತಿಗಳನ್ನು ಸರಿಯಾದ ಕಲಮಿನಲ್ಲಿ ಹಾಕಿದ್ದಕ್ಕೆ ನಾಲ್ಕು, ಮೂರನೆಯ ಮೆಟ್ಟಿಲು ಹತ್ತಿದ್ದಕ್ಕೆ ನಾಲ್ಕು, ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಒಂದು ಬಲವಾದ ಕಾರಣವನ್ನು ಒಪ್ಪಿಕೊಂಡದ್ದಕ್ಕೆ ಎರಡು.

ಅಭಿಮಾನ ತುಂಬಿದ ವಿಷಯವನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ನಾಲ್ಕೂ ಶಾಲೆಗಳ ಉತ್ತರಗಳನ್ನು ನಾನು ಓದಿದೆ. "ಆರ್‌ಸಿಬಿ ಮಾಡಿದ್ದು ತಪ್ಪು, ಆದರೆ ಅವತ್ತು ನಾನಿದ್ದಿದ್ದರೂ ಭುಜದ ಗಾಯ ನೋಡಿ ಹೆದರುತ್ತಿದ್ದೆ" ಎಂದು ಕೋಲಾರದ ಒಬ್ಬ ಹುಡುಗ ಬರೆದಿದ್ದ. ಅವನಿಗೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು. ನಾನು ಆ ಅಂಕವನ್ನು ತಿದ್ದಲಿಲ್ಲ.

ಮುಂದಿನ ತಂಡದವರು ಈ ಪಾಠವನ್ನು ತೆಗೆದುಕೊಳ್ಳುವುದಾದರೆ ನಲವತ್ತು ನಿಮಿಷದ ಎರಡು ಅವಧಿಗಳನ್ನು ಮೊದಲೇ ಮುಖ್ಯೋಪಾಧ್ಯಾಯರಲ್ಲಿ ಕೇಳಿಟ್ಟುಕೊಳ್ಳಿ. ಒಂದೇ ಅವಧಿಗೆ ಅಡಕಿದರೆ ಅದಲುಬದಲಿನ ಹತ್ತು ನಿಮಿಷವೇ ಮೊದಲು ಹೋಗುತ್ತದೆ. ಹುಣಸೆ ಬೀಜ ನೂರಕ್ಕಿಂತ ಹತ್ತು ಹೆಚ್ಚೇ ತನ್ನಿ. ಕೆಲವು ಮಕ್ಕಳ ಜೇಬು ಸೇರುತ್ತವೆ.